ಹೊನ್ನೆಮರಕ್ಕೆ ಕಟ್ಟಿದ ಸೊಪ್ಪು

ಇದನ್ನು ಬರೆಯಲು ಕುಳಿತದ್ದು ಇದೇ ಮೊದಲಲ್ಲ. ಹಿಂದೆಯೂ ಕುಳಿತಿದ್ದೆ. ಪ್ರತಿ ಸಲವೂ ನಮ್ಮ ಓಣಿಯ ಬೇರೆ ಸಂಗತಿಗಳನ್ನೆಲ್ಲ ಬರೆದು, ಹೊನ್ನೆಮರದ ಹತ್ತಿರ ಬಂದಾಗ ಏನಾದರೂ ನೆವ ಹುಡುಕಿ ಎದ್ದುಬಿಡುತ್ತಿದ್ದೆ. ಹೆಂಡತಿ ಇದ್ದಾಗ ಅವಳಿಗಾದರೂ ಹೇಳಬಹುದಿತ್ತು, ಹೇಳಲಿಲ್ಲ. ಈಗ ಮಗಳ ಮನೆಯಲ್ಲಿ ಹೊತ್ತುಹೊತ್ತಿಗೆ ಊಟ, ಸಂಜೆ ಅಂಗಳದಲ್ಲಿ ಒಂದು ಕುರ್ಚಿ, ಓದಲು ಪೇಪರು. ಯಾವ ಕೊರತೆಯೂ ಇಲ್ಲ. ಇಷ್ಟು ಸುಖವಾಗಿ ಕುಳಿತವನು ಇನ್ನೂ ಮುಚ್ಚಿಟ್ಟುಕೊಳ್ಳುವುದು ಸರಿಯಲ್ಲ ಅನಿಸಿದೆ.

ನಾನು ಕಾಪುವಿನವನು. ಎಸ್ಸೆಸ್ಸೆಲ್ಸಿ ಮುಗಿಸಿ, ಸೋದರಮಾವನ ಕೈಕೆಳಗೆ ಹೊಲಿಗೆ ಕಲಿತು, ಎಪ್ಪತ್ತರ ದಶಕದ ನಡುವಿನಲ್ಲಿ ಉಡುಪಿಗೆ ಬಂದು, ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಓಣಿಯಲ್ಲಿ ಟೈಲರ್ ಅಂಗಡಿ ಇಟ್ಟೆ. ಓಣಿ ಸಣ್ಣದು. ಒಂದು ಹೋಟೆಲು, ಒಂದು ಸೈಕಲ್ ಅಂಗಡಿ, ಒಂದು ಗಿರಣಿ, ಮತ್ತೆ ಕೆಲವು ಮನೆಗಳು. ಓಣಿ ತಿರುಗುವ ಮೂಲೆಯಲ್ಲಿ ಒಂದು ಹೊನ್ನೆಮರ. ಮರದ ಒಂದು ಬದಿಯಲ್ಲಿ ಓಣಿಯವರ ಕಸದ ರಾಶಿ. ಇನ್ನೊಂದು ಬದಿಯಲ್ಲಿ, ನೆರಳು ಚೆನ್ನಾಗಿ ಬೀಳುವ ಕಡೆ, ಮಲ್ಲಿಗೆ ಅಕ್ಕ.

ಅವರು ಶಂಕರಪುರದಿಂದ ಬೆಳಗಿನ ಬಸ್ಸಿನಲ್ಲಿ ಬುಟ್ಟಿ ಹೊತ್ತು ಬರುತ್ತಿದ್ದರು. ಬಾಳೆಯೆಲೆಯಲ್ಲಿ ಸುತ್ತಿದ ಹೂವಿನ ಚೆಂಡುಗಳನ್ನು ಒದ್ದೆ ಬಟ್ಟೆಯ ಕೆಳಗೆ ಇಟ್ಟುಕೊಂಡು ಕುಳಿತರೆ, ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಮಾಡಿ ಊಟದ ಹೊತ್ತಿಗೆ ಬಸ್ಸು ಹತ್ತುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಬಾಯಿ ಜೋರು, ಮನಸ್ಸು ಒಳ್ಳೆಯದು. ನನ್ನ ಮದುವೆಯಾದ ಹೊಸದರಲ್ಲಿ, "ಟೈಲರ್ರೇ, ಇವತ್ತು ಹೂ ತಕೊಳ್ಳದೆ ಮನೆಗೆ ಹೋದರೆ ಊಟ ಸಿಗ್ಲಿಕ್ಕಿಲ್ಲ ನೋಡಿ" ಎಂದು ಎಲ್ಲರೆದುರು ಕೂಗಿ ಹೇಳಿ, ಒಂದು ಮೊಳ ಹೆಚ್ಚಿಗೆಯೇ ಅಳೆದು ಕೊಡುತ್ತಿದ್ದರು.

ಕಸದ ರಾಶಿಯ ಬಗ್ಗೆ ಹೇಳಬೇಕು. ಹೋಟೆಲಿನ ಎಂಜಲೆಲೆ, ಮನೆಗಳ ಮೀನಿನ ಮುಳ್ಳು, ನನ್ನ ಅಂಗಡಿಯ ಚಿಂದಿ, ಎಲ್ಲವೂ ಅಲ್ಲಿಗೇ. ಎಲೆಗೆ ನಾಯಿಗಳು ಬರುತ್ತಿದ್ದವು. ಉಂಡ ನಾಯಿಗಳು ದೂರ ಹೋಗುತ್ತಿರಲಿಲ್ಲ. ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಮೆಟ್ಟಿಲ ಮೇಲೆ ಅವುಗಳ ಕಾಣಿಕೆ ಇರುತ್ತಿತ್ತು. ಯಾರ ನಾಯಿ ಎಂಬುದೇ ದಿನದ ಮೊದಲ ಜಗಳ. ಪುರಸಭೆಯವರು ಸಾಕುನಾಯಿಗಳಿಗೆ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು, ಬಿಲ್ಲೆ ಇಲ್ಲದವನ್ನು ಹಿಡಿದು ಕೊಲ್ಲುತ್ತಿದ್ದರು. ನಮ್ಮ ಓಣಿಯಲ್ಲಿ ಬಿಲ್ಲೆ ಇದ್ದದ್ದು ನಿವೃತ್ತ ಪೋಸ್ಟ್‌ಮಾಸ್ಟರರ ನಾಯಿಗೆ ಮಾತ್ರ. ಆದ್ದರಿಂದ ಎಲ್ಲರಿಗೂ ಅದರ ಮೇಲೆಯೇ ಸಂಶಯ.

"ನನ್ನ ನಾಯಿಗೆ ಲೈಸನ್ಸ್ ಉಂಟು," ಎನ್ನುತ್ತಿದ್ದರು ಪೋಸ್ಟ್‌ಮಾಸ್ಟರರು.

"ಲೈಸನ್ಸ್ ಇರುವುದು ಬದುಕ್ಲಿಕ್ಕೆ ಮಾರಾಯ್ರೆ, ನಮ್ಮ ಮೆಟ್ಟಿಲಲ್ಲಿ ಕೂರ್ಲಿಕ್ಕೆ ಅಲ್ಲ," ಎನ್ನುತ್ತಿದ್ದ ಸೈಕಲ್ ಅಂಗಡಿಯವನು.

ಹೀಗಿರುವಾಗ ಒಂದು ದಿನ ನಮ್ಮ ವಾರ್ಡಿನ ಮೆಂಬರು ಹೋಟೆಲಿಗೆ ಬಂದು, ನಮ್ಮನ್ನೆಲ್ಲ ಕರೆದು ಒಂದು ಸುದ್ದಿ ಹೇಳಿದರು. ಊರವರು ಅರ್ಧ ಹಣವನ್ನು ವಂತಿಗೆ ಎತ್ತಿದರೆ ಉಳಿದ ಅರ್ಧವನ್ನು ಪುರಸಭೆ ಹಾಕುತ್ತದೆ. ಮೂಲೆಯಲ್ಲಿ ಸಿಮೆಂಟಿನ ಕಸದ ತೊಟ್ಟಿ, ಮರದ ಸುತ್ತ ಕಲ್ಲಿನ ಕಟ್ಟೆ, ಒಂದು ನಳ್ಳಿ. ಆದರೆ ಒಂದು ಷರತ್ತು ಇತ್ತು. ಅಧಿಕಾರಿಗಳು ನೋಡಲು ಬರುವ ಮೊದಲು ಓಣಿಯವರೇ ಆ ಜಾಗವನ್ನು ಚೊಕ್ಕ ಮಾಡಿ, ಹಾಗೆಯೇ ಉಳಿಸಿ ತೋರಿಸಬೇಕು.

"ಇಲ್ಲದಿದ್ದರೆ ಈ ಹಣ ಬೇರೆ ವಾರ್ಡಿಗೆ ಹೋಗ್ತದೆ. ಮತ್ತೆ ನನ್ನ ಹತ್ತಿರ ಕೇಳ್ಬೇಡಿ," ಎಂದರು ಮೆಂಬರು.

ಅರ್ಜಿ ಬರೆಯಲು ಬರುತ್ತದೆ ಎಂಬ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ವಂತಿಗೆಗೆ ಮೊದಲು ಕೈ ಬಿಚ್ಚಿದ್ದು ಯಾರೆಂದರೆ ಮಲ್ಲಿಗೆ ಅಕ್ಕ. ಓಣಿಯವರಲ್ಲದ ಅವರಲ್ಲಿ ನಾವು ಕೇಳಿಯೇ ಇರಲಿಲ್ಲ. ಸೆರಗಿನ ಗಂಟು ಬಿಚ್ಚಿ ಅವರೇ ಕೊಟ್ಟರು.

"ಕಟ್ಟೆ ಆದ ಮೇಲೆ ನನಗೆ ಇದೇ ಬದಿ ಬೇಕು, ಆಯ್ತಾ? ನೆಲದಲ್ಲಿ ಕೂತು ಕೂತು ಸೊಂಟ ಹೋಗಿದೆ," ಎಂದರು.

"ನಿಮ್ಮನ್ನು ಬಿಟ್ಟು ಬೇರೆ ಯಾರು ಕೂರ್ತಾರೆ ಅಕ್ಕ?" ಎಂದೆ ನಾನು. ಆ ಮಾತು ಮನಸಾರೆ ಹೇಳಿದ್ದೇ.

ಹಣ ಸೇರಿತು. ಕಸ ಹೋಗಲಿಲ್ಲ. ಒಂದು ಭಾನುವಾರ ಎಲ್ಲರೂ ಸೇರಿ ರಾಶಿ ತೆಗೆದು ಗಾಡಿಗೆ ತುಂಬಿದೆವು. ಸೋಮವಾರ ಬೆಳಗ್ಗೆ ಅದೇ ಜಾಗದಲ್ಲಿ ಎಲೆ, ಅದೇ ಜಾಗದಲ್ಲಿ ನಾಯಿ. ಇನ್ನೊಮ್ಮೆ ತೆಗೆದೆವು, ಇನ್ನೊಮ್ಮೆ ಬಿತ್ತು. ನಾನು ರಟ್ಟಿನ ಮೇಲೆ ದುಂಡಾದ ಅಕ್ಷರದಲ್ಲಿ 'ಇಲ್ಲಿ ಕಸ ಹಾಕಬಾರದು' ಎಂದು ಬರೆದು ಮರಕ್ಕೆ ತೂಗು ಹಾಕಿದೆ. ಎರಡು ದಿನ ಬಿಟ್ಟು ನೋಡಿದರೆ ಆ ರಟ್ಟೇ ಕಸದ ರಾಶಿಯಲ್ಲಿತ್ತು. ಅಧಿಕಾರಿಗಳು ಬರುವ ವಾರ ಹತ್ತಿರವಾಗುತ್ತಿತ್ತು. ಕಾರ್ಯದರ್ಶಿಯಾಗಿ ನನ್ನ ಮರ್ಯಾದೆ ಹೋಗುತ್ತದೆ ಎಂದು ನನಗೆ ನಿದ್ದೆ ಸರಿ ಬರುತ್ತಿರಲಿಲ್ಲ.

ಆಗ ನೆನಪಾದದ್ದು ಕಾಪುವಿನ ಒಂದು ತೆಂಗಿನಮರ. ನಾನು ಸಣ್ಣವನಿದ್ದಾಗ ಎರಡು ಮನೆಯವರಿಗೆ ಗಡಿಯ ಆ ಮರದ ಬಗ್ಗೆ ತಕರಾರು ಇತ್ತು. ಒಂದು ದಿನ ಒಬ್ಬರು ದೈವದ ಹೆಸರು ಹೇಳಿ ಮರಕ್ಕೆ ಒಂದು ಹಿಡಿ ಸೊಪ್ಪು ಕಟ್ಟಿದರು. ಆಣೆ ತಡೆ ಎಂದರೆ ಅದು. ಮಾತುಕತೆ ಮುಗಿದು, ಕಟ್ಟಿದವರೇ ದೈವದ ಎದುರು ತೆಂಗಿನಕಾಯಿ ಇಟ್ಟು ಆ ಸೊಪ್ಪನ್ನು ಬಿಚ್ಚುವವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ದೈವದ ಮುನಿಸು ಮನೆಮಕ್ಕಳ ಮೇಲೆ ಬೀಳುತ್ತದೆ ಎಂಬ ನಂಬಿಕೆ. ಕಾಯಿಗಳು ಒಣಗಿ ತಾವಾಗಿ ಬಿದ್ದವು. ಬಿದ್ದದ್ದನ್ನು ಮಕ್ಕಳೂ ಹೆಕ್ಕಲಿಲ್ಲ.

ಒಂದು ಮಧ್ಯಾಹ್ನ, ಅಂಗಡಿಗಳೆಲ್ಲ ಊಟಕ್ಕೆ ಮುಚ್ಚಿ ಓಣಿಯಲ್ಲಿ ಯಾರೂ ಇಲ್ಲದ ಹೊತ್ತಿಗೆ, ನಾನು ಒಂದು ಹಿಡಿ ಹಸಿ ಸೊಪ್ಪನ್ನು ತೆಂಗಿನ ಗರಿಯಲ್ಲಿ ಸುತ್ತಿ ಹೊನ್ನೆಮರಕ್ಕೆ ಕಟ್ಟಿದೆ. ದೈವದ ಹೆಸರನ್ನೂ ಹೇಳಿದೆ. ಊರಿನ ಒಳ್ಳೆಯದಕ್ಕೆ ತಾನೇ ಎಂದು ಸಮಾಧಾನ ಮಾಡಿಕೊಂಡೆ.

ಫಲ ಸಂಜೆಯೇ ಕಂಡಿತು. ಹೋಟೆಲಿನ ಮಾಣಿ ಎಲೆಯ ಬುಟ್ಟಿ ಹೊತ್ತು ಬಂದವನು ಮರ ನೋಡಿ ನಿಂತ, ಹಾಗೆಯೇ ಹಿಂದೆ ಹೋದ. ಮರುದಿನದಿಂದ ಹೋಟೆಲಿನವರು ಎಲೆಯನ್ನು ದನ ಸಾಕಿದವರಿಗೆ ಕೊಡತೊಡಗಿದರು. ಮನೆಯವರು ಹಿತ್ತಿಲಲ್ಲಿ ಗುಂಡಿ ತೋಡಿದರು. ಪೋಸ್ಟ್‌ಮಾಸ್ಟರರು ನಾಯಿಗೆ ಸರಪಳಿ ಹಾಕಿ, ಓಣಿಯ ಆಚೆ ತುದಿಗೆ ಎಳೆದುಕೊಂಡು ಹೋಗತೊಡಗಿದರು.

"ನಾಯಿಗೆ ಎಂತ ದೈವದ ಭಯವಾ?" ಎಂದು ಸೈಕಲ್ ಅಂಗಡಿಯವನು ಕೆಣಕಿದ.

"ನಾಯಿಗೆ ಗೊತ್ತಿಲ್ಲ. ನನಗೆ ಗೊತ್ತುಂಟಲ್ಲ," ಎಂದರು ಅವರು.

ನಾನು ಮಿಷನ್ನಿನ ಮುಂದೆ ತಲೆ ತಗ್ಗಿಸಿ ನಗುತ್ತಿದ್ದೆ. ಆದರೆ ಒಂದು ವಿಷಯ ನನಗೆ ಹೊಳೆದಿರಲಿಲ್ಲ. ಸೊಪ್ಪಿನ ಮೇಲೆ ಯಾರ ಹೆಸರೂ ಇರುವುದಿಲ್ಲ. ಇದು ಯಾರಿಗೆ, ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ. ನೋಡಿದವರೆಲ್ಲ ತಮ್ಮ ಮನೆಯ ತಕರಾರನ್ನೇ ನೆನೆಸಿಕೊಳ್ಳುತ್ತಾರೆ.

ಸೊಪ್ಪು ಕಟ್ಟಿದ ಮರುದಿನ ಬೆಳಗ್ಗೆ ಮಲ್ಲಿಗೆ ಅಕ್ಕ ಬಂದಾಗ ನಾನು ಅಂಗಡಿ ಗುಡಿಸುತ್ತಿದ್ದೆ. ಅವರು ಮರದಿಂದ ಸ್ವಲ್ಪ ದೂರದಲ್ಲಿ ನಿಂತರು. ಬುಟ್ಟಿಯನ್ನು ತಲೆಯಿಂದ ಇಳಿಸಲಿಲ್ಲ. ಆಮೇಲೆ ನನ್ನ ಅಂಗಡಿಗೆ ಬಂದು, ಬುಟ್ಟಿ ಪಕ್ಕಕ್ಕಿಟ್ಟು ಮೆಟ್ಟಿಲಲ್ಲಿ ಕುಳಿತರು. ಮುಖ ಬಿಳಚಿಕೊಂಡಿತ್ತು.

"ಟೈಲರ್ರೇ, ಇದನ್ನು ಕಟ್ಟಿದ್ದು ನಮ್ಮ ಭಾವ," ಎಂದರು.

ಅವರ ಗಂಡನ ಅಣ್ಣನಿಗೂ ಅವರಿಗೂ ಬಾವಿಯ ಹತ್ತಿರದ ಮಲ್ಲಿಗೆ ಗಿಡಗಳ ಬಗ್ಗೆ ಜಗಳ ಇತ್ತು. ಗಂಡ ತೀರಿಹೋದ ಮೇಲೆ ಆ ಗಿಡಗಳಿಗೆ ನೀರು ಹಾಕಿ ಬೆಳೆಸಿದ್ದು ಇವರು. ಜಾಗ ತನ್ನದು ಎನ್ನುವುದು ಭಾವನ ಮಾತು. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು, ಅವರೇ ಹೇಳಿದ್ದರು.

"ಅಲ್ಲಿ ಬಾಯಲ್ಲಿ ಗೆಲ್ಲಲಿಕ್ಕೆ ಆಗ್ಲಿಲ್ಲ, ಇಲ್ಲಿ ನಾನು ಕೂರುವ ಜಾಗಕ್ಕೆ ಬಂದು ತಡೆ ಹಾಕಿದ್ದಾರೆ. ಬೇರೆ ಯಾರು ಹಾಕ್ತಾರೆ ಹೇಳಿ? ಅಲ್ವಾ?"

ನನ್ನ ಕೈಯಲ್ಲಿ ಪೊರಕೆ ಇತ್ತು. ನಾನೇ ಅಕ್ಕ, ಕಸಕ್ಕೆ ಕಟ್ಟಿದ್ದು ಎಂದರೆ ಮುಗಿಯುತ್ತಿತ್ತು. ಅವರು ನಾಲ್ಕು ಬೈದು, ಕೊನೆಗೆ ನಕ್ಕು, ಹೂವಿನ ಬುಟ್ಟಿಯನ್ನು ಮರದ ಕೆಳಗೆ ಇಡುತ್ತಿದ್ದರು. ಆದರೆ ಆ ಮಾತು ಓಣಿಗೆಲ್ಲ ಗೊತ್ತಾಗುತ್ತಿತ್ತು. ರಾಶಿ ಮತ್ತೆ ಬೀಳುತ್ತಿತ್ತು. ದೈವದ ಹೆಸರನ್ನು ಆಟಕ್ಕೆ ಬಳಸಿದವನು ಎಂದು ನನ್ನನ್ನು ಎಲ್ಲರೂ ದೂರುತ್ತಿದ್ದರು. ಇದನ್ನೆಲ್ಲ ನಾನು ಆ ಒಂದು ಗಳಿಗೆಯಲ್ಲೇ ಲೆಕ್ಕ ಹಾಕಿದೆ.

"ಇರಬಹುದು ಅಕ್ಕ," ಎಂದೆ.

ಸೊಪ್ಪು ಕಟ್ಟಿದ್ದು ಉತ್ಸಾಹದ ತಪ್ಪು. 'ಇರಬಹುದು' ಎಂದದ್ದು ಹಾಗಲ್ಲ. ಅದನ್ನು ತಿಳಿದೇ ಹೇಳಿದೆ.

ಅಕ್ಕ ಬುಟ್ಟಿ ಎತ್ತಿಕೊಂಡು ಹೋದರು. ಅಧಿಕಾರಿಗಳು ಬಂದರು, ನೋಡಿದರು, ಮೆಚ್ಚಿದರು. ಮರದ ಸೊಪ್ಪನ್ನು ಮೆಂಬರು ಕಂಡರೋ ಇಲ್ಲವೋ ಗೊತ್ತಿಲ್ಲ, ಕಂಡರೂ ಆ ಕಡೆ ಬೆರಳು ತೋರಿಸಲಿಲ್ಲ. ಕಾರ್ಕಳದಿಂದ ಕಲ್ಲು ಬಂತು, ಕಟ್ಟೆ ಎದ್ದಿತು, ತೊಟ್ಟಿ ಬಂತು, ನಳ್ಳಿಯಲ್ಲಿ ನೀರು ಬಂತು. ಕೆಲಸ ಶುರುವಾಗುವ ಮೊದಲು ನಾನು ಒಬ್ಬನೇ ಹೋಗಿ, ದೈವದ ಸ್ಥಾನದಲ್ಲಿ ತೆಂಗಿನಕಾಯಿ ಇಟ್ಟು, ತಪ್ಪಾಯಿತು ಎಂದು ಕೈಮುಗಿದು, ಸೊಪ್ಪನ್ನು ಬಿಚ್ಚಿದ್ದೆ. ಒಣಗಿ ಬಿದ್ದಿರಬೇಕು ಎಂದುಕೊಂಡರು ಓಣಿಯವರು. ಕಟ್ಟೆಯ ಉದ್ಘಾಟನೆಯ ದಿನ ಮೆಂಬರು ಭಾಷಣದಲ್ಲಿ, ಮಣಿಪಾಲದಂಥ ವಿದ್ಯಾವಂತರ ಊರಿನವರೂ ಈ ಓಣಿಯನ್ನು ಬಂದು ನೋಡಬೇಕು ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಪೋಸ್ಟ್‌ಮಾಸ್ಟರರು.

ಓಣಿ ನಿಜವಾಗಿಯೂ ಚೆನ್ನಾಯಿತು, ಅದನ್ನು ಸುಳ್ಳು ಎನ್ನಲಾರೆ. ತೊಟ್ಟಿಯನ್ನು ಗಾಡಿಯವರು ದಿನಾ ಖಾಲಿ ಮಾಡುತ್ತಿದ್ದರು. ಜನರಿಗೆ ಅಭ್ಯಾಸವೂ ಆಗಿಹೋಯಿತು. ಸಂಜೆ ಕಟ್ಟೆಯ ಮೇಲೆ ಕುಳಿತು ಪೇಪರು ಓದುವುದು, ಪುರಸಭೆಯನ್ನು ಬೈಯುವುದು, ಚಾ ತರಿಸುವುದು. ಆ ವರ್ಷಗಳ ನೆನಪು ಈಗಲೂ ನನಗೆ ಹಿತ. ನೆರಳು ಬೀಳುವ ಬದಿಯಲ್ಲಿ ಮಾತ್ರ ನಾನು ಎಂದೂ ಕುಳಿತವನಲ್ಲ.

ಅಕ್ಕ ಕಡಿಯಾಳಿ ದೇವಸ್ಥಾನದ ಹತ್ತಿರ ಕುಳಿತುಕೊಳ್ಳತೊಡಗಿದ್ದಾರೆ ಎಂದು ಗೊತ್ತಾಗಿ, ಕಟ್ಟೆಯಾದ ಕೆಲವು ದಿನಗಳ ಮೇಲೆ ಅಲ್ಲಿಗೆ ಹೋದೆ. ಬಿಸಿಲಿಗೆ ಒಂದು ಹಳೆಯ ಕೊಡೆ ಬಿಚ್ಚಿ ಕುಳಿತಿದ್ದರು.

"ಅಕ್ಕ, ಸೊಪ್ಪು ಹೋಗಿದೆ. ಕಟ್ಟೆ ಆಗಿದೆ. ನಿಮ್ಮ ಬದಿ ಖಾಲಿ ಉಂಟು, ಬನ್ನಿ," ಎಂದೆ.

"ಯಾರು ಬಿಚ್ಚಿದ್ದು?"

"ಗೊತ್ತಿಲ್ಲ ಅಕ್ಕ. ಒಣಗಿ ಬಿದ್ದಿರಬೇಕು."

"ಬಿದ್ದರೆ ಆಗುವುದಿಲ್ಲ ಟೈಲರ್ರೇ. ಕಟ್ಟಿದವರೇ ಬಿಚ್ಚಬೇಕು, ಬಿಚ್ಚಿದ್ದೇನೆ ಅಂತ ನನಗೆ ಹೇಳಬೇಕು. ಹಾಗೆ ಹೇಳದೆ ನಾನು ಅಲ್ಲಿ ಕೂರುವುದಿಲ್ಲ. ಮಕ್ಕಳಿರುವ ಮನೆ ನನ್ನದು."

ಕಟ್ಟಿದವನು ಅವರ ಎದುರಿಗೇ ನಿಂತಿದ್ದೆ. ಅವರೇ ಮಾತು ಮುಂದುವರಿಸಿದರು.

"ಬಾವಿ ಹತ್ತಿರದ ಗಿಡಗಳನ್ನು ಭಾವನಿಗೆ ಬಿಟ್ಟುಕೊಟ್ಟೆ. ಇನ್ನು ಯಾಕೆ ಜಗಳ? ಈಗ ಮನೆಯಲ್ಲಿ ಮಾತುಕತೆ ಉಂಟು. ಅವರು ಕಟ್ಟಲೇ ಇಲ್ಲ ಅಂತಾರೆ, ಇರಲಿ. ಇಲ್ಲಿ ವ್ಯಾಪಾರ ಚೆನ್ನಾಗಿ ಆಗ್ತದೆ, ದೇವಿಯ ಎದುರು ಅಲ್ವಾ?" ಎಂದು ಎಲೆ ಸುತ್ತಿದ ಹೂವನ್ನು ನನ್ನ ಕೈಯಲ್ಲಿಟ್ಟರು. "ಮನೆಯವರಿಗೆ ಕೊಡಿ. ಅವತ್ತು ನನ್ನ ಮಾತನ್ನು ನಂಬಿದ್ದು ನೀವೊಬ್ಬರೇ."

ಆಮೇಲೆ ಎಂಬತ್ತರ ದಶಕವಿಡೀ ನಾನು ಹೂ ತರಲು ಕಡಿಯಾಳಿಗೇ ಹೋದೆ. ಹತ್ತಿರದಲ್ಲೇ ಬೇರೆ ಹೂವಿನವರಿದ್ದರೂ ಅಷ್ಟು ದೂರ ಯಾಕೆ ಹೋಗುತ್ತೀರಿ ಎಂದು ಹೆಂಡತಿ ಕೇಳುತ್ತಿದ್ದಳು. ಅಲ್ಲಿ ಹೂ ಚೆನ್ನಾಗಿರುತ್ತದೆ ಎನ್ನುತ್ತಿದ್ದೆ. ಅಕ್ಕ ನೆಮ್ಮದಿಯಿಂದಿದ್ದರು. ಮಗನಿಗೆ ಕೆಲಸ ಸಿಕ್ಕಿತು, ಮಗಳನ್ನು ಕಾರ್ಕಳಕ್ಕೆ ಕೊಟ್ಟರು, ಆ ಮದುವೆಗೆ ರವಿಕೆಗಳನ್ನು ಹೊಲಿದದ್ದು ನಾನೇ. ಅವರ ಆ ನೆಮ್ಮದಿಯನ್ನೇ ನಾನು ನೆವ ಮಾಡಿಕೊಂಡೆ. ಈಗ ಹೇಳಿ ಸುಮ್ಮನೆ ಯಾಕೆ ಕದಡುವುದು ಎಂದುಕೊಳ್ಳುತ್ತಿದ್ದೆ. ಆದರೆ ಅವರು ನೆಲದಲ್ಲೇ ಕುಳಿತಿದ್ದರು. ಏಳುವಾಗ ಪ್ರತಿ ಸಲವೂ ಒಂದು ಕೈ ಸೊಂಟಕ್ಕೆ ಹೋಗುತ್ತಿತ್ತು. ತಾನು ವಂತಿಗೆ ಕೊಟ್ಟು ಕಟ್ಟಿಸಿದ ಕಟ್ಟೆಯ ಮೇಲೆ ಒಂದು ದಿನವೂ ಕುಳಿತವರಲ್ಲ. ಅವರ ಭಾವ, ತಾನು ಕಟ್ಟದ ಸೊಪ್ಪಿನ ಅಪವಾದವನ್ನು ಹೊತ್ತುಕೊಂಡೇ ತೀರಿಹೋದರು.

ಒಂದು ಬೆಳಗ್ಗೆ ಆ ಕೊಡೆಯ ಕೆಳಗೆ ಅವರ ಸೊಸೆ ಕುಳಿತಿದ್ದಳು. ನನ್ನನ್ನು ಗುರುತು ಹಿಡಿದು ಎದ್ದು ನಿಂತು, ಅತ್ತೆ ಹೋದರು ಎಂದಳು. ನಾನು ಹೂ ತೆಗೆದುಕೊಂಡೆ. ಅವಳೂ ಒಂದು ಮೊಳ ಹೆಚ್ಚಿಗೆಯೇ ಅಳೆದಳು, ಅತ್ತೆ ಹೇಳಿಕೊಟ್ಟಿದ್ದಿರಬೇಕು.

ದೈವಕ್ಕೆ ತಪ್ಪುಕಾಣಿಕೆ ಕೊಟ್ಟಿದ್ದೇನೆ. ಓಣಿಯವರಲ್ಲಿ ಉಳಿದ ಒಬ್ಬಿಬ್ಬರಿಗೆ ಈಚೆಗೆ ಹೇಳಿದೆ, ಅವರು ನಕ್ಕರು. ಹೇಳಲೇಬೇಕಾಗಿದ್ದದ್ದು ಒಬ್ಬರಿಗೆ. ನಾನೇ ಕಟ್ಟಿದ್ದು, ನಾನೇ ಬಿಚ್ಚಿದ್ದು, ಇನ್ನು ಬಂದು ನಿಮ್ಮ ಜಾಗದಲ್ಲಿ ಕುಳಿತುಕೊಳ್ಳಿ ಎಂದು ನಾನು ಹೇಳದೆ ಉಳಿದದ್ದು ಅವರಿಗೆ, ಶಂಕರಪುರದ ಮಲ್ಲಿಗೆ ಅಕ್ಕನಿಗೆ.