ಅಪ್ಪ ನಮ್ಮ ಜೊತೆ ಸೈಕಲ್ ಹೊಡೆದ ರವಿವಾರ

ಇವತ್ತು ಮಧ್ಯಾಹ್ನ ದಾಂಡೇಲಿಯ ನಮ್ಮ ಮನೆಯ ಕಟ್ಟೆಯ ಮೇಲೆ ಐದು ಜನ ಸೈಕಲ್ ಸವಾರರು ಬಂದು ಕೂತರು. ಹುಬ್ಬಳ್ಳಿಯ ಹುಡುಗರು. ಮೈಗಂಟಿದ ಬಟ್ಟೆ, ತಲೆಯ ಮೇಲೆ ಕಲ್ಲಂಗಡಿ ಹೋಳು ಬೋರಲು ಹಾಕಿದಂಥ ಟೊಪ್ಪಿಗೆ. ಕೂರಬಹುದೇ ಎಂದು ಕೇಳಿದರು, ಕೂರಿ ಎಂದೆ. ಹಿಂದಿನಿಂದ ಬಂದ ಕಾರಿನಲ್ಲಿ ಅವರದೊಂದು ತಂಪಿನ ಪೆಟ್ಟಿಗೆ ಇತ್ತು. ಅದರಿಂದ ಡಬ್ಬಿಗಳು ಹೊರಬಂದವು, ಜೊತೆಗೆ ಒಂದು ವಾದವೂ ಹೊರಬಂತು. ಸವಾರಿ ಮುಗಿದ ಮೇಲೆ ಯಾವ ಬಿಯರು ಒಳ್ಳೆಯದು? ಒಬ್ಬ ಗೋದಿಯದು ಎಂದ, ಇನ್ನೊಬ್ಬ ಕಹಿ ಇಲ್ಲದಿದ್ದರೆ ಅದು ಬಿಯರೇ ಅಲ್ಲ ಎಂದ. ಅಷ್ಟರಲ್ಲಿ ಒಂದು ಡಬ್ಬಿ ಚಸ್ಸೆಂದಿತು, ವಾಸನೆ ನನ್ನ ಕುರ್ಚಿಯವರೆಗೆ ಬಂತು. ಬಿಯರು ಕುಡಿಯುವ ಹಕ್ಕನ್ನು ಡಾಕ್ಟರು ನನ್ನಿಂದ ಕಿತ್ತುಕೊಂಡು ಹತ್ತು ವರ್ಷವಾಯಿತು. ಪುಣ್ಯಕ್ಕೆ ಮೂಗನ್ನು ಮುಟ್ಟಿಲ್ಲ.

"ನೀವು ಯಾವ್ದು ಕುಡೀತಿದ್ರಿ ಅಜ್ಜಾರ?" ಎಂದು ಅವರಲ್ಲೊಬ್ಬ ತಮಾಷೆಗೆ ಕೇಳಿದ. ಪಾಪ, ಏನು ಕೇಳಿದೆನೆಂದು ಅವನಿಗೆ ಗೊತ್ತಿರಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಪಾನನಿಷೇಧ ಆಗಷ್ಟೇ ಹೋಗಿತ್ತು. ನಾನು ಇಲ್ಲಿನ ಕಟ್ಟಿಗೆಯ ಡಿಪೋದಲ್ಲಿ ಗುಮಾಸ್ತ. ವಾರವಿಡೀ ಸಾಗುವಾನಿಯ ದಿಮ್ಮಿಗಳ ಉದ್ದಗಲ ಬರೆದು ಬರೆದು ನಾನೂ ಒಂದು ದಿಮ್ಮಿಯಾಗುತ್ತಿದ್ದೇನೆಂದು ಹೆದರಿ ಸೈಕಲ್ ಹತ್ತಿದವನು. ಜೊತೆಗಾರರು ಇಬ್ಬರು. ಇನಾಸ ಜೋಯಿಡಾ ಕಡೆಯ ಕೊಂಕಣಿಯವ, ಕಾರ್ಖಾನೆಯಲ್ಲಿ ಫಿಟ್ಟರು. ಮಕಬೂಲನದು ಪೇಟೆಯಲ್ಲಿ ಸೈಕಲ್ ರಿಪೇರಿಯ ಅಂಗಡಿ. ರವಿವಾರ ಬೆಳಿಗ್ಗೆ ಮೂವರೂ ಹೊರಟು, ಈಗ ಅಣೆಕಟ್ಟಿನ ನೀರಿನಡಿ ಮಲಗಿರುವ ಹಳೆಯ ಸೂಪಾ ಊರನ್ನು ದಾಟಿ ಜೋಯಿಡಾ ಮುಟ್ಟಿ, ಮಧ್ಯಾಹ್ನ ಇಳಿಯುವ ಹೊತ್ತಿಗೆ ತಿರುಗಿ ಬರುತ್ತಿದ್ದೆವು. ಒಂದು ಸಲ ಇನಾಸನ ಅಕ್ಕನ ಊರು ಕುಂಬಾರವಾಡದವರೆಗೂ ಹೋಗಿದ್ದುಂಟು. ಮರುದಿನ ಡಿಪೋದಲ್ಲಿ ನಾನು ಕುರ್ಚಿ ಬಿಟ್ಟು ನಿಂತೇ ಕೆಲಸ ಮಾಡಿದೆ. ನಮ್ಮ ಸೈಕಲ್ಲುಗಳಿಗೆ ಗೇರು ಇರಲಿಲ್ಲ. ಏರಿನಲ್ಲಿ ತೊಡೆಯೇ ಗೇರು, ಅದೂ ಸೋತರೆ ಇಳಿದು ತಳ್ಳುವುದು.

ಸವಾರಿ ಮುಗಿಯುವುದು ಹೊಸದಾಗಿ ತೆರೆದಿದ್ದ ಬಿಯರಿನ ಅಂಗಡಿಯ ಮುಂದೆ. ಹುಬ್ಬಳ್ಳಿಯಿಂದ ಬಂದ ಮಂಜುಗಡ್ಡೆಯನ್ನು ಗರಗಸದ ಹೊಟ್ಟಿನಲ್ಲಿ ಮುಚ್ಚಿ, ಅದರೊಳಗೆ ಬಾಟಲಿಗಳನ್ನು ಹೂತಿಡುತ್ತಿದ್ದರು. ನಮ್ಮ ಊರಲ್ಲಿ ಹೊಟ್ಟಿಗೇನು ಬರ? ಇನಾಸನಿಗೆ ಗೋವೆಯಿಂದ ಬರುವ ತಿಳಿಯ ಬಿಯರೇ ಆಗಬೇಕು. ನನಗೆ ಯಾವುದು ಹೆಚ್ಚು ತಣ್ಣಗಿದೆಯೋ ಅದು. ಮಕಬೂಲ ಬಿಯರು ಮುಟ್ಟುವವನಲ್ಲ. ಗೋಲಿ ಸೋಡಾ ಒಡೆಸಿ, ಸೈಕಲ್ ಹೊಡೆದವನಿಗೆ ಇದಕ್ಕಿಂತ ದೊಡ್ಡದು ಲೋಕದಲ್ಲಿಲ್ಲ ಎಂದು ನಮ್ಮಿಬ್ಬರಿಗಿಂತ ಜೋರಾಗಿ ವಾದಿಸುತ್ತಿದ್ದ. ಇಬ್ಬರಿಗೆ ಒಂದೇ ಬಾಟಲಿ ಎಂಬುದು ಇನಾಸನ ಕಾನೂನು. ಮೈಯಿಂದ ಬೆವರು ಹೋದಷ್ಟೇ ಒಳಗೆ ಹೋಗಬೇಕು, ಹೆಚ್ಚಾದರೆ ಅದು ಸೈಕಲ್ಲಿಗೆ ಮಾಡುವ ಅಪಮಾನ ಎನ್ನುತ್ತಿದ್ದ.

ಮೊದಲ ಗುಟುಕು ನನಗೆ ಬೇವಿನ ಕಷಾಯಕ್ಕೆ ಸೋಪಿನ ನೊರೆ ಕಲಸಿದಂತೆ ಕಂಡಿತ್ತು. ಮೂರನೆಯ ರವಿವಾರ, ಬಿಸಿಲಿನಲ್ಲಿ ಏರು ಹತ್ತಿ ಬಂದು ಕೂತಾಗ, ಆ ಕಹಿ ಗಂಟಲಲ್ಲಿ ಇಳಿದು ಮೊಣಕಾಲಿನವರೆಗೂ ಹೋಗಿ ತಲುಪಿತು. ಅವತ್ತಿನಿಂದ ನಾನು ಭಕ್ತ. ಆದರೆ ಕೊರಳಲ್ಲಿ ಲಿಂಗ ಇತ್ತಲ್ಲ! ಗ್ಲಾಸು ಹಿಡಿಯುವ ಮೊದಲು ಅಂಗಿಯ ಗುಂಡಿಗಳನ್ನೆಲ್ಲ ಕತ್ತಿನವರೆಗೆ ಹಾಕಿಕೊಳ್ಳುತ್ತಿದ್ದೆ. ಶಿವನ ಕಣ್ಣಿಗೆ ಒಂದು ಪದರ ಅರಿವೆ ಅಡ್ಡವಾಗುತ್ತದೆಂದು ನಂಬಿದ ಭಕ್ತ ನಾನೊಬ್ಬನೇ ಇರಬೇಕು.

ಶಿವನಿಗೆ ಕಂಡಿತೋ ಇಲ್ಲವೋ, ಹಳಿಯಾಳದಿಂದ ಕಟ್ಟಿಗೆ ಕೊಳ್ಳಲು ಬಂದಿದ್ದ ನಮ್ಮ ಓಣಿಯವರೊಬ್ಬರಿಗೆ ಕಂಡಿತು. ಮುಂದಿನ ವಾರ ಅಪ್ಪನ ಕಾರ್ಡು ಬಂತು. ರವಿವಾರ ಬರುತ್ತೇನೆ, ನಿಮ್ಮ ಜೊತೆ ಸೈಕಲ್ ಹೊಡೆಯುತ್ತೇನೆ ಎಂದಷ್ಟೇ ಇತ್ತು. ಬೈದು ಬರೆದಿದ್ದರೆ ನಿದ್ದೆ ಬರುತ್ತಿತ್ತು.

ಅಪ್ಪ ಸೈಕಲ್ಲಿನ ಮೇಲೆ ಅರಿವೆ ಮಾರಿ ನಮ್ಮನ್ನು ಬೆಳೆಸಿದವರು. ಹಿಂದೆ ಕುಪ್ಪಸದ ಖಣ, ಸೀರೆಗಳ ಗಂಟು ಕಟ್ಟಿಕೊಂಡು, ಹಳಿಯಾಳದಿಂದ ಹೊರಟು ತೇರಗಾಂವದಲ್ಲಿ ಮೊದಲು ಗಂಟು ಬಿಚ್ಚಿದರೆ, ಊರೂರು ತಿರುಗಿ ಮುಂಡಗೋಡದ ಆಚೆಯವರೆಗೆ ಹೋಗಿ ವಾರದ ಮೇಲೆ ಮನೆಗೆ ಬರುತ್ತಿದ್ದರು. ಐವತ್ತೆಂಟಾದ ಮೇಲೆ ಮೊಣಕಾಲು ನೋವೆಂದು ಬಿಟ್ಟಿದ್ದರು. ನಮ್ಮ ಮನೆಯಲ್ಲಿ ಜಂಗಮರ ಪಾದಪೂಜೆ ತಪ್ಪುತ್ತಿರಲಿಲ್ಲ. ಯಾರ ಮನೆಯ ನೀರು ಮುಟ್ಟಬೇಕು, ಯಾರದು ಬೇಡ ಎಂಬ ಪಟ್ಟಿ ಅವ್ವನ ಬಾಯಲ್ಲಿತ್ತು. ಅಂಥ ಮನೆಯ ಮಗ ನಾನು.

ಶನಿವಾರ ಸಂಜೆ ಸೈಕಲ್ ಹೊಡೆದುಕೊಂಡೇ ಅಪ್ಪ ಬಂದರು. ಬೆಳಿಗ್ಗೆ ಧೋತರ ಮೇಲೆತ್ತಿ ಕಟ್ಟಿ ನಮ್ಮ ಮೂವರ ಮುಂದೆ ಹೊರಟರು. ಮೊಣಕಾಲಿನ ನೋವು ಎಲ್ಲಿ ಹೋಗಿತ್ತೋ. ನಾವು ಇಳಿದು ತಳ್ಳಿದ ಏರನ್ನು ಅವರು ಅವಸರವಿಲ್ಲದೆ, ಒಂದೇ ಹದದಲ್ಲಿ ತುಳಿದು ಹತ್ತಿ, ಮೇಲೆ ಮರದ ನೆರಳಲ್ಲಿ ಕಾಯುತ್ತಿದ್ದರು. ಮಕಬೂಲ ಏದುಸಿರಿನಲ್ಲೇ ಅವರ ಸೈಕಲ್ಲಿಗೆ ಸಲಾಮು ಮಾಡಿದ. ದಾರಿಯುದ್ದಕ್ಕೂ ಅಪ್ಪ ಬಿದಿರಿನ ಮೆಳೆ, ಕಾಡೆಮ್ಮೆಯ ಹೆಜ್ಜೆ, ಜೋಯಿಡಾದ ಭತ್ತ ಎಲ್ಲದರ ಬಗ್ಗೆ ಮಾತಾಡಿದರು. ಆ ಒಂದು ವಿಷಯ ಬಿಟ್ಟು.

ತಿರುಗಿ ಊರಿಗೆ ಬಂದಾಗ ನಾನು ಅಂಗಡಿಯನ್ನು ನೋಡದವನಂತೆ ಮುಂದೆ ತುಳಿದೆ. ಅಪ್ಪ ಅದರ ಮುಂದೆಯೇ ಇಳಿದರು. ಮರದ ಬಾಕಿನ ಮೇಲೆ ಕೂತು, ಪ್ರತಿ ರವಿವಾರ ಏನು ತರಿಸುತ್ತೀರೋ ಅದನ್ನೇ ತರಿಸಿರಿ ಎಂದು ಇನಾಸನಿಗೆ ಹೇಳಿದರು. ಬಾಟಲಿ ಬಂತು, ಸೋಡಾ ಬಂತು. ಇನಾಸ ಎರಡು ಗ್ಲಾಸಿಗೆ ಸುರಿದ. ನನ್ನ ಗ್ಲಾಸು ಮುಂದೆ ನೊರೆ ಇಳಿಯುತ್ತ ಕೂತಿತು. ನಾನು ಕೈ ಎತ್ತಲಿಲ್ಲ. ಅಪ್ಪ ಅದನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ಬಹಳ ಹೊತ್ತು ಹಿಡಿದಿದ್ದರು.

"ಹುಳಿ ಬಂದ ಅಂಬಲಿ ವಾಸನಿ ಐತಿ," ಎಂದರು. ಗ್ಲಾಸನ್ನು ನನ್ನ ಮುಂದೆ ಇಟ್ಟು, "ಕುಡಿ. ಮುಚ್ಚಿ ಕುಡೀಬ್ಯಾಡ. ಮುಚ್ಚಿ ಕುಡದಾವ ನಾನು," ಎಂದರು.

ಆಮೇಲೆ ಅವರು ಹೇಳಿದ್ದು ಇದು. ಒಂದು ಬೇಸಿಗೆಯಲ್ಲಿ ಮುಂಡಗೋಡ ದಾಟಿ ಚಿಗಳ್ಳಿಗೆ ಹೋಗುವಾಗ ಬಿಸಿಲು ಬಡಿದು, ಗಂಟಿನ ಸಮೇತ ಸೈಕಲ್ಲಿನಿಂದ ಬಿದ್ದರಂತೆ. ಕಣ್ಣು ಬಿಟ್ಟಾಗ ಊರ ಹೊರಗಿನ ಕೇರಿಯ ಒಂದು ಗುಡಿಸಲಿನ ನೆರಳಲ್ಲಿದ್ದರು. ಕೂಲಿ ಮಾಡುವ ದುರಗವ್ವ ಎಂಬ ಹೆಂಗಸು ಜೋಳದ ಅಂಬಲಿ ತುಂಬಿದ ಪರಿಯಾಣ ಹಿಡಿದು ನಿಂತಿದ್ದಳು. ತಾನು ಯಾರೆಂದು ಆಕೆ ಮೊದಲೇ ಹೇಳಿದಳಂತೆ, ಬೇಡವಾದರೆ ಬೇಡ ಎಂದೂ ಹೇಳಿದಳಂತೆ. ಅಪ್ಪ ಕುಡಿದರು. ಅವತ್ತು ಜೀವಕ್ಕಾಗಿ ಕುಡಿದದ್ದು. ಆಮೇಲೆ ಇಪ್ಪತ್ತು ವರ್ಷ, ಆ ಕಡೆ ಹೋದಾಗಲೆಲ್ಲ, ಸೈಕಲ್ ಇಳಿದು ಅಲ್ಲಿ ಕೂತು ರುಚಿಗಾಗಿ ಕುಡಿದರು. ಹಳಿಯಾಳದಲ್ಲಿ ಒಬ್ಬರಿಗೂ ಹೇಳಲಿಲ್ಲ.

"ಹೋದ ವರ್ಷ ಸತ್ತಳಂತ ಸುದ್ದಿ ಬಂತು," ಎಂದರು ಅಪ್ಪ. "ಹೋಗಲಿಲ್ಲ. ಹೋದರ ಯಾಕ ಬಂದಿ ಅಂತ ಯಾರರ ಕೇಳ್ತಾರ ಅಂತ ಅಂಜಿದೆ."

ಇನಾಸ ತನ್ನ ಗ್ಲಾಸನ್ನು ಕೆಳಗಿಟ್ಟ. ನಾನು ನನ್ನದನ್ನು ಎತ್ತಿ ಕುಡಿದೆ, ಅಪ್ಪನ ಎದುರೇ. ರುಚಿ ಹೇಗಿತ್ತೆಂದು ಕೇಳಿದರೆ ಹೇಳಲಾರೆ.

ಅಪ್ಪ ಹಳಿಯಾಳಕ್ಕೆ ಹೋದವರೇ ಅವ್ವನಿಗೆ ಎಲ್ಲ ಹೇಳಿದರಂತೆ. ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬೆಳಿಗ್ಗೆ, ಇಪ್ಪತ್ತು ವರ್ಷ ಆಕೆಯ ಕೈಯಿಂದ ಕುಡಿದವರು ಆಕೆಗೆ ಒಂದು ಖಣವನ್ನಾದರೂ ಉಡುಗೊರೆ ಕೊಟ್ಟಿದ್ದಿರಾ ಎಂದು ಕೇಳಿದಳು. ಅಪ್ಪ ಇಲ್ಲ ಎಂದರು. ಹಾಗಾದರೆ ನಡೆಯಿರಿ ಎಂದಳು ಅವ್ವ. ನನ್ನನ್ನೂ ಕರೆಸಿದರು. ಮೂವರೂ ಬಸ್ಸು ಬದಲಿಸುತ್ತ ಮುಂಡಗೋಡ ಮುಟ್ಟಿ, ಅಲ್ಲಿಂದ ಚಿಗಳ್ಳಿಗೆ ಹೋದೆವು. ಅವ್ವನ ಮಡಿಲಲ್ಲಿ ಎರಡು ಖಣ.

ದುರಗವ್ವನ ಮಗ ಎಲ್ಲಪ್ಪ ಹೊಲದಿಂದ ಬಂದ. ಅಪ್ಪನನ್ನು ನೋಡಿ ಗುರುತು ಹಿಡಿದ, ಕೂರಲು ಕಂಬಳಿ ಹಾಸಿದ. ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವ್ವ ಅವಳ ಕೈಗೆ ಖಣ ಕೊಟ್ಟು, ಅಂಬಲಿ ಇದೆಯೇ ಎಂದು ಕೇಳಿದಳು. ಆ ಹೆಂಗಸು ಗಂಡನ ಮುಖ ನೋಡಿದಳು.

"ನಮ್ಮ ಮನೀದು ನಿಮಗ ನಡೀತೈತೇನ್ರಿ?" ಎಂದು ಕೇಳಿದಳು.

"ಇವರಿಗೆ ಇಪ್ಪತ್ತು ವರ್ಷ ನಡದೈತಿ," ಎಂದಳು ಅವ್ವ. "ನನಗ ಗೊತ್ತಿದ್ದಿಲ್ಲ ನೋಡವಾ."

ಅವ್ವ ಕುಡಿದಳು. ಮೊದಲ ಗುಟುಕಿಗೆ ಆಕೆಯ ಕಣ್ಣು ಮುಚ್ಚಿದ್ದವು, ಎರಡನೆಯದಕ್ಕೆ ತೆರೆದಿದ್ದವು. ನಾನೂ ಕುಡಿದೆ. ಅಪ್ಪ ಪರಿಯಾಣವನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದರು.

ಈ ಕಥೆಯನ್ನು ನಾನು ಮದುವೆ ಮನೆಗಳಲ್ಲಿ, ಡಿಪೋದ ಬೀಳ್ಕೊಡುಗೆಗಳಲ್ಲಿ, ಮೊಮ್ಮಕ್ಕಳ ಮುಂದೆ ಎಷ್ಟು ಸಲ ಹೇಳಿದ್ದೇನೋ. ಪ್ರತಿಸಲವೂ ಅವ್ವ ಅಂಬಲಿ ಕುಡಿದಲ್ಲಿಗೆ ನಿಲ್ಲಿಸುತ್ತಿದ್ದೆ. ಕೇಳಿದವರು ಅಪ್ಪ ದೊಡ್ಡವರು, ಅವ್ವ ಅವರಿಗಿಂತ ದೊಡ್ಡವಳು ಎನ್ನುತ್ತಿದ್ದರು. ನನಗೂ ಅದು ಹಿತವಾಗಿತ್ತು. ಇವತ್ತು ಆ ಹುಬ್ಬಳ್ಳಿಯ ಹುಡುಗರಿಗೂ ಅಲ್ಲಿಯವರೆಗೆ ಹೇಳಿ ನಿಲ್ಲಿಸಿದೆ. ಅವರಲ್ಲಿ ಒಬ್ಬ, ಅಷ್ಟು ಹೊತ್ತು ಮಾತೇ ಆಡದವನು, ಕೇಳಿದ: "ಆ ಎಲ್ಲಪ್ಪ ಏನಂದ್ರು ಅಜ್ಜಾರ?"

ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ನಾನು ಕುರ್ಚಿಯನ್ನು ಅವನತ್ತ ಎಳೆದುಕೊಂಡೆ. ಆಮೇಲೆ ಹೇಳಿದೆ. ನಾವು ಹೊರಡಲು ಎದ್ದಾಗ ಎಲ್ಲಪ್ಪ ಅಂಗಳದವರೆಗೆ ಬಂದು, ದನಿ ಏರಿಸದೆ, ಅಪ್ಪನಿಗೆ ಅಂದಿದ್ದ: "ಸಾಯೂ ಮುಂದ ನಮ್ಮವ್ವ ಎರಡ ಸಲ ಕೇಳಿದಳ್ರಿ, ಅರಿವಿ ಸಾಹುಕಾರ್ರು ಬಂದ್ರೇನು ಅಂತ. ನೀವು ಇವತ್ತ ಬಂದೀರಿ, ಚೊಲೋ ಆತು. ಆದರ ನಮಗ ಏನ ಬೇಕಾಗಿತ್ರಿ? ಆಕಿಗೆ ಬೇಕಾಗಿತ್ತು." ಅಪ್ಪ ಕೈ ಮುಗಿದರು.

ಹುಡುಗರು ಹೊರಟು ಹೋದ ಮೇಲೆ ನನ್ನ ಹೆಂಡತಿ ಬಾಗಿಲಿಗೆ ಬಂದಳು. ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಐವತ್ತು ವರ್ಷದಿಂದ ಈ ಕಥೆ ಕೇಳಿ ಕೇಳಿ ನನಗಿಂತ ಚೆನ್ನಾಗಿ ಹೇಳಬಲ್ಲವಳು.

"ಕಡೀಕಿಂದು ನನಗ ಎಂದೂ ಹೇಳಿದ್ದಿಲ್ಲಲ್ಲ," ಎಂದಳು.

"ಇಲ್ಲ," ಎಂದೆ. "ಇನ್ನ ಮುಂದ ಅದನ್ನೂ ಹೇಳ್ತೇನಿ."