ಎಂಟು ಮನೆಯ ಮೆಟ್ಟಿಲು

ಶನಿವಾರ ಬೆಳಿಗ್ಗೆ ಏಳಕ್ಕೆ ಬಕೆಟ್ಟು, ಸೋಪಿನ ಪುಡಿ, ಉಜ್ಜುವ ಕಲ್ಲು ಹಿಡಿದು ಹೊರಬಂದರೆ ವರ್ಡೆಲ್ ಗ್ಯಾಸ್ಕಿನ್ಸ್ ಒಳಗೆ ಹೋಗುತ್ತಿದ್ದುದು ಹನ್ನೊಂದಕ್ಕೆ. ಪೂರ್ವ ಬಾಲ್ಟಿಮೋರ್‌ನ ಆ ಬೀದಿಯಲ್ಲಿ ಎಂಟು ಮನೆಗಳು ಗೋಡೆಗೆ ಗೋಡೆ ಅಂಟಿಸಿಕೊಂಡು ನಿಂತಿವೆ. ಪ್ರತಿ ಬಾಗಿಲಿಗೂ ಮೂರು ಬಿಳಿ ಅಮೃತಶಿಲೆಯ ಮೆಟ್ಟಿಲು. ಹಿಂದೆ ಎಂಟು ಮನೆಯ ಹೆಂಗಸರೂ ಒಟ್ಟಿಗೇ ಮಂಡಿಯೂರಿ ಉಜ್ಜುತ್ತಿದ್ದರು. ಗಂಡಸರು ಅದೇ ಮೆಟ್ಟಿಲ ಮೇಲೆ ಕೂತು ಬಿಯರ್ ಕುಡಿಯುತ್ತ, ಎತ್ತು ಎಂದಾಗ ಕಾಲೆತ್ತುತ್ತಿದ್ದರು. ಅವರ ಪಾಲಿನ ಕೆಲಸ ಅಷ್ಟೇ.

ಈಗ ಬೀದಿಯಲ್ಲಿ ಉಳಿದವಳು ವರ್ಡೆಲ್ ಒಬ್ಬಳೇ. ಗಂಡ ತೀರಿಕೊಂಡು ಹನ್ನೆರಡು ವರ್ಷ. ಪಕ್ಕದ ಮನೆಯ ಲೊರೀನ್ ಆರು ವರ್ಷದ ಹಿಂದೆ ಕೆರೊಲಿನಾದ ಮಗಳ ಮನೆಗೆ ಹೊರಟಾಗ, "ಬೇಸಿಗೆಗೆ ಬಂದ್ಬಿಡ್ತೀನಿ ಕಣೆ, ನನ್ನ ಮೆಟ್ಲು ನೋಡ್ಕೋ," ಎಂದು ಬೀಗದ ಕೈ ಕೊಟ್ಟಿದ್ದಳು. ಲೊರೀನ್‌ಳದನ್ನು ಉಜ್ಜಿದ ಮೇಲೆ ಅದರಾಚೆಯದು ಕೊಳಕಾಗಿ ಕಂಡಿತು. ಹಾಗೇ ಒಂದೊಂದಾಗಿ ಇಪ್ಪತ್ತನಾಲ್ಕು ಮೆಟ್ಟಿಲೂ ವರ್ಡೆಲ್‌ಳ ಪಾಲಿಗೆ ಬಂದವು. ಬಾಗಿಲಿಗೆ ಬೀಳುವ ಕಾಗದ ಹೆಕ್ಕುವುದೂ ಅವಳೇ, ಎಲ್ಲರೂ ಬಿಟ್ಟುಹೋದ ಬೀಗದ ಕೈ ಹಿಡಿದು ಒಳಹೋಗಿ ಕಿಟಕಿಯ ಪರದೆ ಒಗೆಯುವುದೂ ಅವಳೇ.

ಈ ವರ್ಷ ವಿಶ್ವವಿದ್ಯಾಲಯ ಮತ್ತು ಚರ್ಚು ಸೇರಿ ಖಾಲಿ ಮನೆಗಳನ್ನು ದುರಸ್ತಿ ಮಾಡಿ ಹೊಸ ಸಂಸಾರಗಳಿಗೆ ಕೊಡುವ ಕೆಲಸಕ್ಕೆ ಇಳಿದವು. ಅದೇ ವಿಶ್ವವಿದ್ಯಾಲಯದ ಹಾಸ್ಟೆಲಿನ ಕಕ್ಕಸುಗಳನ್ನು ವರ್ಡೆಲ್ ಮೂವತ್ತೊಂದು ವರ್ಷ ತೊಳೆದಿದ್ದಳು. ಅಲ್ಲಿನವರು ಅವಳನ್ನು ಸಭೆಗೆ ಕರೆದದ್ದು ಇದೇ ಮೊದಲು. ನಲವತ್ತು ಜನಕ್ಕಾಗುವಷ್ಟು ಮ್ಯಾಕರೋನಿ ಬೇಯಿಸಿಕೊಂಡು ಹೋದಳು. ಗೋಡೆಯ ನಕ್ಷೆಯಲ್ಲಿ ಖಾಲಿ ಮನೆ ಕೆಂಪು, ಜನರಿದ್ದದ್ದು ಹಸಿರು. ಅವಳ ಬೀದಿ ಪೂರ್ತಿ ಹಸಿರಾಗಿತ್ತು.

"ಎಂಟೂ ಹಸಿರು ಯಾಕಮ್ಮಾ?" ಎಂದು ನಕ್ಷೆ ಮಾಡಿಸಿದ ಪ್ರೊಫೆಸರ್ ಟೀಗ್‌ಳನ್ನು ಕೇಳಿದಳು.

"ನಮ್ಮ ವಿದ್ಯಾರ್ಥಿಗಳು ನಡ್ಕೊಂಡ್ಹೋಗಿ ನೋಡಿದ್ರು, ಮಿಸ್ ವರ್ಡೆಲ್. ಪರದೆ ಇದೆ, ಬಾಗ್ಲಲ್ಲಿ ಕಸ ಇಲ್ಲ, ಮೆಟ್ಲು ಫಳಫಳ ಅಂತಿದೆ. ಜನ ಇದ್ದಾರೆ ಅಂತ ಬರ್ಕೊಂಡ್ರು. ಈ ಸಲದ ಪಟ್ಟೀಲಿ ನಿಮ್ಮ ಬೀದಿ ಇಲ್ಲ."

ಚರ್ಚಿನ ಹಿರಿಯ ಲೈಲ್ ತಟ್ಟೆ ಹಿಡಿದುಕೊಂಡೇ ನಕ್ಕ. "ನೋಡ್ರಪ್ಪಾ, ಈಯಮ್ಮ ಉಜ್ಜಿ ಉಜ್ಜಿ ಖಾಲಿ ಮನೆಗೆಲ್ಲ ಜನ ತುಂಬಿಸ್ಬಿಟ್ಲು!"

"ನಗು ಲೈಲ್, ನಗು. ಮೂರನೇ ಸಲ ಬಡಿಸ್ಕೊಂಡಿದೀಯ, ಹೋಗೋವಾಗ ಆ ಪಾತ್ರೆ ತೊಳ್ದಿಟ್ಟು ಹೋಗು."

ಟೀಗ್ ಕೆಂಪು ಪೆನ್ಸಿಲ್ ತೆಗೆದಳು. "ಇವತ್ತೇ ಕೊನೆ ದಿನ. ಯಾವ್ಯಾವ್ದು ಖಾಲಿ ಹೇಳಿ, ತಿದ್ತೀನಿ."

ವರ್ಡೆಲ್ ಕೊನೆಯ ಮನೆಯಿಂದ ಬೆರಳಿಡುತ್ತ ಬಂದಳು. ಖಾಲಿ. ಖಾಲಿ. ಆರು ಮನೆ ಕೆಂಪಾಯಿತು. ಲೊರೀನ್‌ಳ ಮನೆಯ ಮೇಲೆ ಬೆರಳು ನಿಂತಿತು.

"ಇದು?" ಎಂದಳು ಟೀಗ್.

"ಖಾಲಿ ಅಂದ್ರೆ ಏನ್ಮಾಡ್ತೀರಿ?"

"ಮನೆಯವ್ರಿಗೆ ಕಾಗ್ದ ಬರೀತೀವಿ. ಮಾರ್ತೀನಿ ಅಂದ್ರೆ ತಗೋತೀವಿ."

ಕಾಗದ ಹೋದರೆ ಲೊರೀನ್‌ಳ ಮಗಳು ಕೂಡಲೇ ಮಾರಿಬಿಡುತ್ತಾಳೆ. ವರ್ಡೆಲ್‌ಗೆ ಅದು ಗೊತ್ತಿತ್ತು. ಆದರೆ ಅವಳ ಅಡುಗೆಮನೆಯ ಗೋಡೆಯೇ ಲೊರೀನ್‌ಳ ಅಡುಗೆಮನೆಯ ಗೋಡೆ. ಹಿಂದೆಲ್ಲ ಆ ಕಡೆ ನಲ್ಲಿ ತಿರುಗಿದರೆ, ತಟ್ಟೆ ತಟ್ಟೆಗೆ ತಾಗಿದರೆ ಇಲ್ಲಿ ಕೇಳುತ್ತಿತ್ತು. ಆರು ಚಳಿಗಾಲದಿಂದ ಆ ಗೋಡೆಯಿಂದ ಬರುತ್ತಿದ್ದದ್ದು ಥಂಡಿ ಮಾತ್ರ.

"ಖಾಲಿ," ಎಂದಳು.

"ಸೋಮವಾರ ಬಂದು ಇನ್ನೊಂದ್ಸಲ ನೋಡ್ತಾರೆ. ಅಲ್ಲೀವರ್ಗೂ ಆ ಏಳು ಮನೆ ಮೆಟ್ಲಿಗೆ ಕೈ ಹಚ್ಬೇಡಿ, ಮಿಸ್ ವರ್ಡೆಲ್."

ಮರುದಿನ ಶನಿವಾರ. ತನ್ನ ಮೂರು ಮೆಟ್ಟಿಲು ಉಜ್ಜಿದಾಗ ಇನ್ನೂ ಏಳೂವರೆ. ಬಕೆಟ್ಟಿನ ನೀರು ಬೆಚ್ಚಗೇ ಇತ್ತು. ಲೊರೀನ್‌ಳ ಮೆಟ್ಟಿಲ ಮೇಲೆ ಯಾವುದೋ ಹಕ್ಕಿ ಹಿಕ್ಕೆ ಹಾಕಿತ್ತು. ವರ್ಡೆಲ್ ಸ್ವಲ್ಪ ಹೊತ್ತು ನೋಡುತ್ತ ನಿಂತು, ನೀರನ್ನು ಚರಂಡಿಗೆ ಸುರಿದಳು.

ಭಾನುವಾರ ಎಂದಿನಂತೆ ಲೊರೀನ್‌ಳ ಫೋನು ಬಂತು. "ನನ್ನ ಮೆಟ್ಲು ಹೇಗಿದೆ ಕಣೆ?"

"ಉಜ್ಜಿಲ್ಲ, ಲೊರೀನ್. ನಿನ್ನ ಮನೆ ಖಾಲಿ ಅಂತ ಬರೆಸ್ಬಿಟ್ಟೆ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಸರಿ ಬಿಡು," ಎಂದಳು ಲೊರೀನ್. "ಮಗಳ ಪಾತ್ರೆ ರಾಶಿ ಬಿದ್ದಿದೆ, ಬೈಬೇಡ, ತೊಳೀತಾ ಇರ್ತೀನಿ."

ಆದರೆ ಫೋನು ಇಡಲಿಲ್ಲ. ಆ ಕಡೆ ನಲ್ಲಿ ತಿರುಗಿತು, ತಟ್ಟೆಗೆ ತಟ್ಟೆ ತಾಗಿತು. ವರ್ಡೆಲ್ ಕುರ್ಚಿಯನ್ನು ಅಡುಗೆಮನೆಯ ಗೋಡೆಗೆ ಎಳೆದುಕೊಂಡು, ಫೋನನ್ನು ಕಿವಿಗೊತ್ತಿ, ಕೊನೆಯ ತಟ್ಟೆಯವರೆಗೂ ಕೂತಿದ್ದಳು.