ಅಕ್ಕಿ ಗಲಭೆಗೆ ಹತ್ತು ನಿಮಿಷ

ಅಮೆರಿಕದ ಫ್ರಿಸ್ಕೋದಲ್ಲಿರುವ ನಮ್ಮ ಕನ್ನಡ ಹಿರಿಯರ ಕೂಟದಲ್ಲಿ ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು ಇದ್ದರು. ಊರು ಧಾರವಾಡ, ಮನಸ್ಸು ಮಾತ್ರ 1787ರ ಜಪಾನಿನಲ್ಲಿ. ಟೋಕಿಯೋಗೆ ಆಗ ಎಡೋ ಎಂದು ಹೆಸರು. ನಾಟಕ, ಚಿತ್ರಕಲೆ ಮೆರೆಯುತ್ತಿದ್ದ ಆ ನಗರದಲ್ಲಿ ಹಸಿದ ಜನ ಆ ವರ್ಷ ಅಕ್ಕಿ ಅಂಗಡಿಗಳನ್ನು ಒಡೆದರು. ಈ ಕಥೆಯನ್ನು ಒಮ್ಮೆಯಾದರೂ ಮುಗಿಸಬೇಕೆಂಬುದು ಡಾಕ್ಟರ ಆಸೆ.

ಸಮಯ ನೋಡುವ ಕೆಲಸ ನನ್ನದು. ಯಾರೇ ಮಾತಾಡಲಿ, ಹತ್ತನೆಯ ನಿಮಿಷಕ್ಕೆ ಗಂಟೆ ಬಾರಿಸುತ್ತಿದ್ದೆ. "ಮೊದ್ಲ ನಾಟಕದ ಸುದ್ದಿ ಕೇಳ್ರಿ" ಎಂದು, ಗಾಳಿಯಲ್ಲಿ ಹಲ್ಲು ಕೀಳುವವರಂತೆ ಎರಡು ಬೆರಳೆತ್ತಿ ಶುರುಮಾಡುತ್ತಿದ್ದ ಅವರು ಮೂರು ವರ್ಷವಾದರೂ ಅಕ್ಕಿ ಅಂಗಡಿ ತಲುಪಿರಲಿಲ್ಲ.

2015ರ ಯುಗಾದಿಯಂದು ಊಟದ ವ್ಯಾನು ಹೈವೇಯಲ್ಲಿ ಸಿಕ್ಕಿಕೊಂಡಿತು. ನಾನು ಗಂಟೆ ಮುಟ್ಟಲಿಲ್ಲ. ಡಾಕ್ಟರು ಕೊನೆಗೂ ಅಂಗಡಿಯ ಬಾಗಿಲು ಒಡೆಸುವ ಹೊತ್ತಿಗೆ ಯಾರೋ "ಬಿಸಿಬೇಳೆಬಾತ್ ಬಂತು!" ಎಂದು ಕೂಗಿದರು. ಸಭೆಯೆಲ್ಲ ಎದ್ದು ನುಗ್ಗಿತು.

"ಡಾಕ್ಟ್ರೇ, ನಿಮ್ಮ ಗಲಾಟೆ ಊಟ ಆದ್ಮೇಲೆ ಇಟ್ಕೊಳ್ಳಿ" ಎಂದಳು ನನ್ನ ಹೆಂಡತಿ, ತಟ್ಟೆ ಹಿಡಿದು ಮುಂದೆ ನಡೆಯುತ್ತಾ.

ಡಾಕ್ಟರು ನನ್ನ ಗಂಟೆ ಕಸಿದು ಬಾರಿಸಿದರು. ಅಭ್ಯಾಸಬಲದಿಂದ ಎಲ್ಲರೂ ನಿಂತಲ್ಲೇ ನಿಂತರು.

"ಎಡೋದ ಮಂದೀನೂ ಹಿಂಗ ನಿಂತ್ರರಿ! ಕಟ್ಟಿಗಿ ತಾಳ ಬಡದ್ರ ಒಡೀತಿದ್ರು, ಮತ್ತ ಬಡದ್ರ ದಣಿವಾರಿಸ್ಕೋತಿದ್ರು. ಅಕ್ಕಿ ಬೀದಿಗೆ ಚೆಲ್ಲಿದ್ರು, ಕದೀಲಿಲ್ಲ. ಮುಗೀತು ನನ್ನ ಕಥಿ."

ಬೆವರೊರೆಸಿಕೊಂಡು ಮತ್ತೊಮ್ಮೆ ಗಂಟೆ ಬಾರಿಸಿದರು. "ಈಗ ನುಗ್ಗರಿ!"

ಯಾರೂ ನುಗ್ಗಲಿಲ್ಲ. ಅಂದು ಊಟಕ್ಕೆ ನಿಂತಷ್ಟು ನೇರವಾದ ಸಾಲು ನನ್ನ ಗಂಟೆಗೆ ಎಂದೂ ನಿಂತಿರಲಿಲ್ಲ.